ಇಂಟರ್‌ವೆಲ್ ಮಾತು: ಚಾನ್ಸ್ ಹೊಡೆಯುವುದು ಯಾರಿಗೆ?

ಗಾಂಧಿನಗರದಲ್ಲಿ ದುಡ್ಡಿಗಿಂತ ಹೆಚ್ಚು ಚಲಾವಣೆಯಲ್ಲಿರುವ ಪದ ಒಂದಿದೆ. ಯಾವುದು ಹೇಳಿ ನೋಡೋಣ? 'ಚಾನ್ಸ್'! ಕಂಕುಳಲ್ಲಿ ಆಲ್ಬಂ ಇಟ್ಟುಕೊಂಡು ಊರಿಂದ ಬಂದ ಹುಡುಗ "ಒಂದೇ ಒಂದು ಚಾನ್ಸ್ ಕೊಡಿ ಸಾರ್" ಅನ್ನುತ್ತಾನೆ. ಅವನ ಜೊತೆಗೇ ಬಂದು, ಏನೂ ಸಿಗದೆ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾ ಕೂತ ಇನ್ನೊಬ್ಬ "ಅವನಿಗೇನಪ್ಪಾ, ಚಾನ್ಸ್ ಹೊಡೀತು" ಅನ್ನುತ್ತಾನೆ. ಮೊದಲನೆಯವನ ಬಾಯಲ್ಲಿ ಅದು ಅವಕಾಶ. ಎರಡನೆಯವನ ಬಾಯಲ್ಲಿ ಅದು ಲಾಟರಿ. ಪದ ಒಂದೇ, ಅರ್ಥ ಎರಡು. ಜಗಳ ಹುಟ್ಟುವುದೇ ಇಲ್ಲಿ.

ಯಾವ ಊರಿನ ಕಟ್ಟೆಯ ಮೇಲೆ ಕೂತರೂ ಈ ವಿಷಯದಲ್ಲಿ ಎರಡು ಪಾರ್ಟಿ. ಒಂದು ಅದೃಷ್ಟದ ಪಾರ್ಟಿ: "ಎಲ್ಲಾ ಹಣೆಬರಹ ಕಣ್ರೀ. ಟೈಮ್ ಚೆನ್ನಾಗಿದ್ರೆ ಕತ್ತೆ ಹಾಡಿದರೂ ಹಿಟ್ ಆಗುತ್ತೆ." ಇನ್ನೊಂದು ತಲೆಯ ಪಾರ್ಟಿ: "ಬುದ್ಧಿ ಇದ್ದವನು ಎಲ್ಲಿ ಬಿದ್ದರೂ ಎದ್ದು ಬರ್ತಾನೆ." ನಮ್ಮ ನಿಮ್ಮಂಥ ಅಭಿಮಾನಿಗಳು ಎರಡೂ ಕಡೆ ಮೆಂಬರುಗಳು. ನಮ್ಮ ಹೀರೋ ಚಿತ್ರ ನೂರು ದಿನ ಓಡಿದರೆ ಅದು ತಲೆ. ಬೇರೆಯವರದು ಓಡಿದರೆ ಅದೃಷ್ಟ! ಹೌದೋ ಅಲ್ಲವೋ?

ಹೊಸದೊಂದು ಟ್ಯೂನ್, ಹೊಸದೊಂದು ಶಾಟ್, ಯಾರೂ ಮಾಡಿರದ ಒಂದು ದೃಶ್ಯ ಹುಟ್ಟುವಾಗ ಅದೃಷ್ಟದ ಪಾಲೆಷ್ಟು, ತಲೆಯ ಪಾಲೆಷ್ಟು? ಈ ವಾರ ಇದರ ಪಂಚಾಯ್ತಿ ಮುಗಿಸೇಬಿಡೋಣ. ಸಾಕ್ಷಿಗಳನ್ನು ಸಿನಿಮಾದಿಂದಲೇ ಕರೆಯೋಣ.

ಎಮ್ಮೆಯ ಮೇಲೆ ಬಂದ ಗಾಯಕ

ಮೊದಲ ಸಾಕ್ಷಿ ನಮ್ಮ ಮನೆಯವರೇ. 1974, 'ಸಂಪತ್ತಿಗೆ ಸವಾಲ್'. ಎಮ್ಮೆಯ ಮೇಲೆ ಕೂತು ಅಣ್ಣಾವ್ರು ಹಾಡುವ ಆ ಹಾಡು ಯಾವುದು ಅಂತ ನಾನು ಹೇಳಬೇಕೇ? ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಕೇಳಿ, ಅವರೇ ಹಾಡಿ ತೋರಿಸುತ್ತಾರೆ. ಅಲ್ಲಿಯವರೆಗೆ ರಾಜ್‌ಕುಮಾರ್ ಚಿತ್ರವೆಂದರೆ ಮುಖ ಅವರದು, ಹಾಡಿನ ಕಂಠ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರದು. ಈ ಹಾಡಿನ ಹೊತ್ತಿಗೆ ಪಿ.ಬಿ.ಎಸ್. ಒದಗಲಿಲ್ಲ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್ ಅವರಿಂದಲೇ ಹಾಡಿಸಿದರು ಎಂಬುದು ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆಮೇಲೆ ನಡೆದದ್ದು ನಿಮಗೇ ಗೊತ್ತು. ಅಲ್ಲಿಂದ ಮುಂದೆ ರಾಜ್‌ಕುಮಾರ್ ಹಾಡಿಗೆ ಬಹುಮಟ್ಟಿಗೆ ರಾಜ್‌ಕುಮಾರರದೇ ದನಿ. 1992ರ 'ಜೀವನ ಚೈತ್ರ'ಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಶ್ರೇಷ್ಠ ಗಾಯಕ ಅಂತ!

"ನೋಡಿದಿರಾ, ಅವತ್ತು ಪಿ.ಬಿ.ಎಸ್. ಸಿಕ್ಕಿದ್ದರೆ?" ಅಂತ ಅದೃಷ್ಟದ ಪಾರ್ಟಿ ಶಿಳ್ಳೆ ಹೊಡೆಯುತ್ತದೆ. ಸ್ವಲ್ಪ ತಾಳಿ ಸ್ವಾಮೀ. ಗಾಯಕರು ಒದಗದ ದಿನ ಯಾವ ಚಿತ್ರರಂಗದಲ್ಲಿ ಇಲ್ಲ? ಅಂಥ ದಿನ ಸಾಮಾನ್ಯವಾಗಿ ಏನಾಗುತ್ತದೆ? ರೆಕಾರ್ಡಿಂಗ್ ಕ್ಯಾನ್ಸಲ್ ಆಗುತ್ತದೆ, ಅಷ್ಟೆ. ಈ ದಿನ ಹಾಗಾಗಲಿಲ್ಲ. ಯಾಕೆಂದರೆ ಎದುರಿಗೆ ನಿಂತಿದ್ದವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ಶಾಲೆಯ ಓದು ಚಿಕ್ಕಂದಿನಲ್ಲೇ ನಿಂತಿತ್ತು. ಆದರೆ ನಾಟಕ ಕಂಪನಿಯ ಓದು ನಿಂತಿರಲಿಲ್ಲ. ಕಂಪನಿ ನಾಟಕದಲ್ಲಿ ಹಾಡು ಬಾರದ ನಟ ಅರ್ಧ ನಟ. ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಪದ ಪದ ಕೇಳಿಸಬೇಕು. 'ಬೇಡರ ಕಣ್ಣಪ್ಪ' ಬಂದದ್ದು 1954ರಲ್ಲಿ. 1956ರ 'ಓಹಿಲೇಶ್ವರ'ದಲ್ಲಿ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಅವರು ಹಾಡಿಯೂ ಇದ್ದರು. ಅಂದರೆ 1974ರ ಆ ಚಾನ್ಸ್ ಬಂದು ಬಿದ್ದದ್ದು ಹುಡುಗುತನದಿಂದ ಪಳಗಿದ ಗಂಟಲಿನ ಮೇಲೆ. ಜೊತೆಗೆ ಆ ಗಂಟಲು ಗೊತ್ತಿದ್ದ ವೆಂಕಟೇಶರ ಕಿವಿ ಬೇರೆ.

ಅದೃಷ್ಟ ಬಾಗಿಲು ತಟ್ಟಿತು, ಒಪ್ಪಿದೆ. ಒಳಗೆ ಜನ ಇದ್ದರು.

ನಿಂತುಹೋದ ಕ್ಯಾಮೆರಾ

ಇನ್ನು ಪ್ಯಾರಿಸ್ಸಿಗೆ ಹೋಗೋಣ, ಸಿನಿಮಾ ಹುಟ್ಟಿದ ಊರಿಗೇ. 1896. ಜಾರ್ಜ್ ಮೆಲಿಯೆ ಎಂಬಾತ ಒಪೆರಾ ಚೌಕದಲ್ಲಿ ಕ್ಯಾಮೆರಾ ಇಟ್ಟುಕೊಂಡು ರಸ್ತೆಯ ಓಡಾಟ ತೆಗೆಯುತ್ತಿದ್ದ. ಒಳಗೆ ಫಿಲ್ಮ್ ಸಿಕ್ಕಿಕೊಂಡು ಕ್ಯಾಮೆರಾ ನಿಂತಿತು. ಸರಿಪಡಿಸಿ ಮತ್ತೆ ತಿರುಗಿಸುವಷ್ಟರಲ್ಲಿ ರಸ್ತೆಯಲ್ಲಿದ್ದ ಗಾಡಿಗಳು ಮುಂದೆ ಹೋಗಿ ಬೇರೆ ಗಾಡಿಗಳು ಬಂದಿದ್ದವು. ಮನೆಗೆ ಬಂದು ಪರದೆಯ ಮೇಲೆ ಬಿಟ್ಟು ನೋಡಿದರೆ, ಜನ ತುಂಬಿದ ಬಸ್ಸು ಇದ್ದಕ್ಕಿದ್ದಂತೆ ಹೆಣದ ಗಾಡಿಯಾಗಿಬಿಟ್ಟಿದೆ! ಗಂಡಸರು ಹೆಂಗಸರಾಗಿದ್ದಾರೆ! ಇದು ಮೆಲಿಯೆ ತಾನೇ ಬರೆದಿಟ್ಟ ಕಥೆ.

ಬೇರೆಯವನಾಗಿದ್ದರೆ "ಥತ್, ರೀಲು ಕೆಟ್ಟಿತು" ಅಂತ ಎಸೆಯುತ್ತಿದ್ದ. ಇವನು ಎಸೆಯಲಿಲ್ಲ. ಯಾಕೆ? ಯಾಕೆಂದರೆ ಇವನು ಜಾದೂಗಾರ. 1888ರಿಂದಲೇ ಪ್ಯಾರಿಸ್ಸಿನಲ್ಲಿ ಸ್ವಂತ ಜಾದೂ ಥಿಯೇಟರ್ ನಡೆಸುತ್ತಿದ್ದವನು. ಹುಡುಗಿಯನ್ನು ಪೆಟ್ಟಿಗೆಯಲ್ಲಿ ಮಾಯ ಮಾಡುವುದು ಹೇಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವನ ಕಣ್ಣಿಗೆ ಮಾತ್ರ ಆ ಕೆಟ್ಟ ರೀಲಿನಲ್ಲಿ ಬಂಗಾರ ಕಂಡಿತು. ಇನ್ನೊಂದು ಮಾತು ಕೇಳಿ. ಇದೇ ಕ್ಯಾಮೆರಾ ನಿಲ್ಲಿಸುವ ಉಪಾಯವನ್ನು ಅಮೆರಿಕದ ಎಡಿಸನ್ ಕಂಪನಿಯವರು 1895ರಲ್ಲೇ ಒಬ್ಬ ರಾಣಿಯ ತಲೆ ಕಡಿಯುವ ಪುಟ್ಟ ಚಿತ್ರದಲ್ಲಿ ಬಳಸಿದ್ದರು. ಅದರ ಮೇಲೆ ಒಂದು ಲೋಕವನ್ನೇ ಕಟ್ಟಿದವನು ಮಾತ್ರ ಮೆಲಿಯೆ. 1902ರಲ್ಲಿ ಜನರನ್ನು ಚಂದ್ರಲೋಕಕ್ಕೇ ಕಳಿಸಿಬಿಟ್ಟ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ನಾರದರು "ನಾರಾಯಣ ನಾರಾಯಣ" ಎನ್ನುತ್ತಾ ಫಕ್ಕನೆ ಪ್ರತ್ಯಕ್ಷ ಆಗುತ್ತಾರಲ್ಲ, ಅದೂ ಇದೇ ಉಪಾಯ ಕಣ್ರೀ.

ಕೈಕೊಟ್ಟ ಶಾರ್ಕ್

ಮೂರನೇ ಸಾಕ್ಷಿ 'ಜಾಸ್'. 1975ರಲ್ಲಿ ಬಂದ ಈ ಚಿತ್ರ ನೋಡಿ ಈಜು ಬರುವವರೂ ಸಮುದ್ರಕ್ಕೆ ಇಳಿಯಲು ಹೆದರಿದರು. ಆದರೆ ತೆಗೆದವರ ಪಾಡು ಕೇಳಿದರೆ ನಿಮಗೆ ಅಯ್ಯೋ ಅನ್ನಿಸುತ್ತದೆ. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ 27 ವರ್ಷ, ಅಂದರೆ ಈ ಪತ್ರಿಕೆ ಓದುವ ಎಷ್ಟೋ ಜನರ ವಯಸ್ಸು. ಯಂತ್ರದ ಶಾರ್ಕ್ ಮೀನುಗಳನ್ನು ಮಾಡಿಸಿ, ನಿಜವಾದ ಸಮುದ್ರದಲ್ಲೇ ಶೂಟಿಂಗ್ ಅಂತ ಹೊರಟರು. ಉಪ್ಪುನೀರು ತಾಗಿದ್ದೇ ತಡ, ಯಂತ್ರ ಕೆಟ್ಟು ಕೂತಿತು. ಇವತ್ತು ರಿಪೇರಿ, ನಾಳೆ ಮುಳುಗಡೆ. 55 ದಿನದ ಶೆಡ್ಯೂಲ್ 159 ದಿನ ಹಿಡಿಯಿತು. ಬಜೆಟ್ ಎರಡರಷ್ಟಾಯಿತು.

ಶಾರ್ಕ್ ಚಿತ್ರಕ್ಕೆ ಶಾರ್ಕೇ ಇಲ್ಲ! ಏನು ಮಾಡುವುದು? ತೋರಿಸದೇ ಹೆದರಿಸುವುದು. ನೀರಿನ ಮಟ್ಟದಲ್ಲಿ ಕ್ಯಾಮೆರಾ ಹೋಗುತ್ತದೆ, ಮೀನು ಕಾಣುವುದಿಲ್ಲ. ಹಳದಿ ಪೀಪಾಯಿಯೊಂದು ನೀರನ್ನು ಸೀಳಿಕೊಂಡು ಬರುತ್ತದೆ, ಮೀನು ಕಾಣುವುದಿಲ್ಲ. ಜಾನ್ ವಿಲಿಯಮ್ಸ್ ಅವರ ಎರಡೇ ಎರಡು ಸ್ವರಗಳು ಹತ್ತಿರ ಹತ್ತಿರ ಬರುತ್ತವೆ, ಮೀನು ಆಗಲೂ ಕಾಣುವುದಿಲ್ಲ. ಚಿತ್ರ ಒಂದು ಗಂಟೆ ದಾಟಿದ ಮೇಲೆಯೇ ಅದರ ಮೋರೆ ನೆಟ್ಟಗೆ ಕಾಣುವುದು. ಅಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬಂದಿರುತ್ತದೆ. ಯಂತ್ರ ಸರಿಯಾಗಿ ಕೆಲಸ ಮಾಡಿದ್ದರೆ ಅದು ಇನ್ನೊಂದು ರಬ್ಬರ್ ಮೀನಿನ ಚಿತ್ರ ಆಗುತ್ತಿತ್ತೋ ಏನೋ.

ಹಾಗಾದರೆ ಇದು ಶುದ್ಧ ಅದೃಷ್ಟವೇ? ನೀವು ಸ್ಪೀಲ್‌ಬರ್ಗ್‌ನ ಹಿಂದಿನ ಕೆಲಸ ನೋಡಬೇಕು. 1971ರಲ್ಲಿ ಟಿ.ವಿ.ಗಾಗಿ 'ಡ್ಯುಯೆಲ್' ಅಂತ ಒಂದು ಚಿತ್ರ ತೆಗೆದಿದ್ದ. ಒಬ್ಬ ಬಡಪಾಯಿ ಕಾರಿನವನನ್ನು ದೈತ್ಯ ಲಾರಿಯೊಂದು ಊರೂರು ಅಟ್ಟಿಸಿಕೊಂಡು ಬರುತ್ತದೆ. ಲಾರಿ ಡ್ರೈವರನ ಮುಖ ಕೊನೆಯವರೆಗೂ ತೋರಿಸುವುದಿಲ್ಲ! ಕಾಣದ ಶತ್ರುವೇ ಹೆಚ್ಚು ಭಯಂಕರ ಎಂಬ ಪಾಠ ಅವನು ಮೂರು ವರ್ಷ ಮೊದಲೇ ರಸ್ತೆಯ ಮೇಲೆ ಕಲಿತಿದ್ದ. ಸಮುದ್ರದಲ್ಲಿ ಯಂತ್ರ ಕೆಟ್ಟಾಗ ಆ ಪಾಠ ಕೈಗೆ ಬಂತು. ಪಾಠವೇ ಕಲಿಯದವನಿಗೆ ಅದೇ ಯಂತ್ರ, ಅದೇ ಸಮುದ್ರ, ಅದೇ ರಿಪೇರಿ ಸಿಕ್ಕಿದ್ದರೆ? ಚಿತ್ರ ಡಬ್ಬದಲ್ಲಿ.

ಮಾರ್ಕ್ಸ್ ತಲೆಯೇ ಬೇಕೇ?

ಈಗ ತಲೆಯ ಪಾರ್ಟಿಯವರು ಎದೆಯುಬ್ಬಿಸಿಕೊಂಡು ಎದ್ದು ನಿಂತಿದ್ದಾರೆ. ಕೂತುಕೊಳ್ಳಿ ಸಾರ್, ನಿಮಗೂ ಇದೆ.

'ತಲೆ' ಅಂದರೆ ಯಾವ ತಲೆ? ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರುವ ತಲೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞರು 1921ರಲ್ಲಿ ಇದನ್ನೇ ಪರೀಕ್ಷಿಸಲು ಹೊರಟರು. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹುಡುಕಿ ಹುಡುಕಿ, ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಮೇಲೆ ನಿಂತ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿದರು. ಅವರು ಬೆಳೆದು ಏನಾಗುತ್ತಾರೆ ಅಂತ ದಶಕಗಟ್ಟಲೆ ಲೆಕ್ಕ ಇಟ್ಟರು. ಬಹಳ ಜನ ಒಳ್ಳೆಯ ಕೆಲಸಕ್ಕೆ ಹೋದರು, ಚೆನ್ನಾಗಿಯೇ ಬದುಕಿದರು. 'ದಿ ಕೇನ್ ಮ್ಯೂಟಿನಿ' ತೆಗೆದ ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ಕೂಡ ಆ ಮಕ್ಕಳಲ್ಲಿ ಒಬ್ಬರು. ಆದರೆ ನೊಬೆಲ್ ಬಹುಮಾನ? ಆ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ತಮಾಷೆ ಇರುವುದು ಮುಂದೆ. ಪರೀಕ್ಷೆ ಕೊಟ್ಟು, ಮಾರ್ಕು ಸಾಲದೆ ಪಟ್ಟಿಯಿಂದ ಹೊರಗುಳಿದ ಇಬ್ಬರು ಹುಡುಗರಿದ್ದರು. ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಭೌತಶಾಸ್ತ್ರದಲ್ಲಿ ಒಬ್ಬರಿಗೆ 1956ರಲ್ಲಿ ನೊಬೆಲ್, ಇನ್ನೊಬ್ಬರಿಗೆ 1968ರಲ್ಲಿ! ಶಾಕ್ಲಿ ಮತ್ತು ಜೊತೆಗಾರರಿಗೆ ಬಹುಮಾನ ಬಂದದ್ದು ಟ್ರಾನ್ಸಿಸ್ಟರ್‌ಗೆ. ನಮ್ಮ ಅಪ್ಪ, ಚಿಕ್ಕಪ್ಪಂದಿರು ಹೊಲದ ಬದುವಿನ ಮೇಲೆ ಇಟ್ಟುಕೊಂಡು ಚಿತ್ರಗೀತೆ ಕೇಳುತ್ತಿದ್ದರಲ್ಲ, ಆ ರೇಡಿಯೋದ ಜೀವ ಅದೇ.

ಹಾಗಂತ ಓದುವುದನ್ನು ಬಿಟ್ಟುಬಿಡಿ ಅಂತ ನಾನು ಹೇಳಿಲ್ಲ. ನಿಮ್ಮ ತಂದೆಯವರು ನನ್ನ ವಿಳಾಸ ಹುಡುಕಿಕೊಂಡು ಬಂದಾರು! ಬುದ್ಧಿ ಬೇಕು. ಆದರೆ ಒಂದು ಹಂತ ದಾಟಿದ ಮೇಲೆ ಮಾರ್ಕು ನೋಡಿ ಯಾರು ಹೊಸದನ್ನು ಹುಟ್ಟಿಸುತ್ತಾರೆ ಅಂತ ಹೇಳಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ಬೇರೆ ಒಂದು ಗುಣ.

ಕತ್ತಲಲ್ಲಿ ಕೋಲು

ಆ ಗುಣ ಯಾವುದು? 1960ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ಲೆಕ್ಕಾಚಾರ ಕೊಟ್ಟರು. ಅದನ್ನು ನಮ್ಮ ಭಾಷೆಯಲ್ಲಿ ಹೇಳಿದರೆ ಹೀಗೆ. ಹೊಸದನ್ನು ಹುಡುಕುವವನು ಕತ್ತಲಲ್ಲಿ ಕೋಲು ಬೀಸುವವನ ಹಾಗೆ. ಯಾವ ಕಡೆ ದಾರಿ ಇದೆ ಅಂತ ಅವನಿಗೂ ಗೊತ್ತಿಲ್ಲ. ಬೀಸಿದ ಕಡೆಯೆಲ್ಲಾ ಏನೂ ಸಿಗುವುದಿಲ್ಲ. ಎಲ್ಲೋ ಒಂದು ಕಡೆ 'ಠಕ್' ಅನ್ನುತ್ತದೆ. ಆ ಸದ್ದನ್ನು ಗುರುತಿಸಿ, ಅದನ್ನು ಹಿಡಿದುಕೊಂಡು, ಉಳಿದದ್ದನ್ನು ಬಿಡಬೇಕು. ಬೀಸುವುದರಲ್ಲಿ ಅದೃಷ್ಟ ಇದೆ. ಹಿಡಿಯುವುದರಲ್ಲಿ, ಬಿಡುವುದರಲ್ಲಿ ತಲೆ ಇದೆ. ಪೂರ್ತಿ ಕತ್ತಲು ಅನ್ನುವುದಕ್ಕೆ ವಿದ್ವಾಂಸರಲ್ಲಿ ಇಂದಿಗೂ ತಕರಾರಿದೆ. ಪಳಗಿದವನ ಕೋಲು ದಾರಿ ಇರುವ ಕಡೆಗೇ ಹೆಚ್ಚು ತಿರುಗುತ್ತದೆ ಅನ್ನುತ್ತಾರೆ. ಇರಲಿ. ಸಿನಿಮಾದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾವಿರಾರು ಅಡಿ ರೀಲು ಓಡುತ್ತದೆ, ಎಡಿಟಿಂಗ್ ಟೇಬಲ್ ಮೇಲೆ ಕತ್ತರಿ ಆಡುತ್ತದೆ. ಅದೃಷ್ಟ ಕೊಡುವುದು ರೀಲು. ಕತ್ತರಿ ನಮ್ಮದು.

ಉದಾಹರಣೆ ಬೇಕೇ? ಚಾರ್ಲಿ ಚಾಪ್ಲಿನ್. 'ಸಿಟಿ ಲೈಟ್ಸ್' ಶೂಟಿಂಗ್ ಶುರುವಾದದ್ದು 1928ರ ಕೊನೆಯಲ್ಲಿ, ಚಿತ್ರ ಬಿಡುಗಡೆಯಾದದ್ದು 1931ರಲ್ಲಿ. ಕಥೆಯ ಬುಡದಲ್ಲೇ ಒಂದು ಗಂಟು. ರಸ್ತೆ ಬದಿ ಹೂ ಮಾರುವ ಕಣ್ಣು ಕಾಣದ ಹುಡುಗಿ. ಎದುರಿಗೆ ಬರುವವನು ಹರಿದ ಬೂಟಿನ ಚಾರ್ಲಿ. ಅವಳು ಅವನನ್ನು ಶ್ರೀಮಂತ ಅಂತ ತಿಳಿಯಬೇಕು. ಹೇಗೆ? ಅವಳಿಗೆ ಕಣ್ಣಿಲ್ಲ, ಚಿತ್ರಕ್ಕೆ ಮಾತಿಲ್ಲ! ಚಾಪ್ಲಿನ್ ಬಳಿ ಉತ್ತರ ಇರಲಿಲ್ಲ. ಕ್ಯಾಮೆರಾ ಓಡಿಸುತ್ತಲೇ ಹುಡುಕಿದ. ಹೀಗೆ ಮಾಡಿ ನೋಡಿದ, ಹಾಗೆ ಮಾಡಿ ನೋಡಿದ. ನಾಯಕಿ ವರ್ಜಿನಿಯಾ ಚೆರಿಲ್‌ಳನ್ನು ನಡುವೆ ಕೆಲಸದಿಂದ ತೆಗೆದು, ಮತ್ತೆ ಕರೆಸಿಕೊಂಡ. ಈ ಒಂದು ದೃಶ್ಯಕ್ಕೆ 342 ಟೇಕ್ ಆಯಿತು ಅಂತ ದಾಖಲೆ ಪುಸ್ತಕಗಳು ಹೇಳುತ್ತವೆ.

ಕೊನೆಗೆ ಸಿಕ್ಕ ಉತ್ತರ ಏನು ಗೊತ್ತೇ? ಒಂದು ಕಾರಿನ ಬಾಗಿಲು. ರಸ್ತೆ ತುಂಬ ಗಾಡಿ ನಿಂತಿವೆ. ಚಾರ್ಲಿ ದಾಟಲು ಜಾಗವಿಲ್ಲದೆ ನಿಂತಿದ್ದ ಶ್ರೀಮಂತರ ಕಾರಿನೊಳಕ್ಕೆ ಈ ಕಡೆಯಿಂದ ಹತ್ತಿ ಆ ಕಡೆಯಿಂದ ಇಳಿಯುತ್ತಾನೆ. ಬಾಗಿಲು ಮುಚ್ಚುತ್ತದೆ. ಹುಡುಗಿ ಆ ಸದ್ದು ಕೇಳಿ, ಕಾರಿನ ಯಜಮಾನರೇ ಇಳಿದರು ಅಂತ ಹೂ ಚಾಚುತ್ತಾಳೆ. ಅವಳು ಚಿಲ್ಲರೆ ಕೊಡುವ ಮೊದಲೇ ನಿಜವಾದ ಯಜಮಾನ ಬಂದು ಕಾರು ಹತ್ತುತ್ತಾನೆ, ಕಾರು ಹೊರಟೇಹೋಗುತ್ತದೆ. ಚಿಲ್ಲರೆಯನ್ನೂ ಕೇಳದೆ ಹೋದ ದೊಡ್ಡ ಮನುಷ್ಯ ಅಂದುಕೊಳ್ಳುತ್ತಾಳೆ ಅವಳು. ಚಾರ್ಲಿ ಸದ್ದಿಲ್ಲದೆ ತುದಿಗಾಲಲ್ಲಿ ಸರಿಯುತ್ತಾನೆ. ಮೂಕಿ ಚಿತ್ರದ ಇಡೀ ಕಥೆ ಒಂದು ಸದ್ದಿನ ಮೇಲೆ ನಿಂತುಬಿಟ್ಟಿತು! ಪರದೆಯ ಮೇಲೆ ಕೆಲವೇ ನಿಮಿಷ. ನೋಡಿದವನಿಗೆ "ಇಷ್ಟೇನಾ, ನಾನೂ ಮಾಡ್ತಿದ್ದೆ" ಅನ್ನಿಸುತ್ತದೆ. ಹಿಂದೆ ಬಿದ್ದಿರುವ ರೀಲಿನ ರಾಶಿ ಯಾರಿಗೆ ಕಾಣುತ್ತದೆ?

ಆ ರಾಶಿ ಒಮ್ಮೆ ಕಂಡಿತು ಕೂಡ. 1983ರಲ್ಲಿ ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಎಂಬ ಇಬ್ಬರು, ಚಾಪ್ಲಿನ್ ಬಳಸದೆ ಬಿಟ್ಟ ರೀಲುಗಳನ್ನು ಜೋಡಿಸಿ 'ಅನ್‌ನೋನ್ ಚಾಪ್ಲಿನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ನೋಡಿದರೆ, 1917ರ 'ದಿ ಇಮಿಗ್ರಂಟ್' ಹೊರಟದ್ದು ಬರೀ ಹೋಟೆಲ್ ತಮಾಷೆಯಾಗಿ. ಕೈಯಲ್ಲಿ ಕಾಸಿಲ್ಲದ ಈ ಇಬ್ಬರು ಯಾರು, ಎಲ್ಲಿಂದ ಬಂದರು ಅಂತ ಹುಡುಕುತ್ತಾ ಹೋದ ಮೇಲೆ ಹಡಗಿನ ಭಾಗ ಬಂತು. ಇವತ್ತು ನೋಡುವವರಿಗೆ ಹಡಗೇ ಮೊದಲು!

ಡೀನ್ ಕೀತ್ ಸೈಮಂಟನ್ ಎಂಬ ಸಂಶೋಧಕರು ಸಂಗೀತಗಾರರ, ವಿಜ್ಞಾನಿಗಳ ಜೀವಮಾನದ ಕೆಲಸವನ್ನೆಲ್ಲ ಲೆಕ್ಕ ಹಾಕಿ ಇನ್ನೊಂದು ಸಂಗತಿ ತೋರಿಸಿದರು. ಅತಿ ಹೆಚ್ಚು ಒಳ್ಳೆಯ ಕೃತಿ ಕೊಟ್ಟ ಕಾಲವೇ ಸಾಮಾನ್ಯವಾಗಿ ಅತಿ ಹೆಚ್ಚು ಸಾಧಾರಣ ಕೃತಿ ಕೊಟ್ಟ ಕಾಲವೂ ಹೌದಂತೆ. ಹಿಟ್ ಹೆಚ್ಚಾದದ್ದು ಕೈ ಮಾಂತ್ರಿಕವಾದ್ದರಿಂದ ಅಲ್ಲ, ಕೈ ಹೆಚ್ಚು ಸಲ ಆಡಿದ್ದರಿಂದ. ಒಂದೇ ಒಂದು ಕಥೆ ಬರೆದು ಎದೆಗವಚಿಕೊಂಡು ಐದು ವರ್ಷದಿಂದ ಆಫೀಸು ಸುತ್ತುತ್ತಿರುವ ಮಿತ್ರರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಬೇಕು.

"ಚಾಪ್ಲಿನ್‌ಗೇನ್ರೀ, ಸ್ವಂತ ಸ್ಟುಡಿಯೋ ಇತ್ತು, 342 ಅಲ್ಲ ಸಾವಿರ ಟೇಕ್ ತಗೋಬಹುದಿತ್ತು" ಅಂತೀರಾ? ನೂರಕ್ಕೆ ನೂರು ನಿಜ. ಆ ಕಾಲದಲ್ಲಿ ಚಾನ್ಸನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಇವತ್ತು? ನಿಮ್ಮ ಜೇಬಿನಲ್ಲಿರುವ ಫೋನ್ ಒಳಗೇ ಕ್ಯಾಮೆರಾ ಇದೆ. ರೀಲಿನ ಖರ್ಚಿಲ್ಲ. ಅದರಲ್ಲಿ ನಿಮ್ಮ ಮುಖವನ್ನೇ 342 ಸಲ ತೆಗೆದುಕೊಂಡರೆ ತಪ್ಪು ಫೋನಿನದಲ್ಲ.

ಮೈಸೂರಿನವರ ಕನ್ನಡಿ ಶಾಟ್

ಈಗ ನಮ್ಮವರೊಬ್ಬರನ್ನು ಕರೆಯೋಣ. ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದು ಬೊಂಬಾಯಿ ಸೇರಿದವರು. ಅಲ್ಲಿ ಅವರು ಸಹಾಯಕ ಅಷ್ಟೆ. 1951ರಲ್ಲಿ 'ಬಾಜಿ' ಚಿತ್ರ. ದೇವ್ ಆನಂದ್ ನಾಯಕ, ನಿರ್ದೇಶಕ ಗುರುದತ್‌ಗೆ ಅದು ಮೊದಲ ಚಿತ್ರ, ಕ್ಯಾಮೆರಾಮನ್ ವಿ. ರಾತ್ರಾ. ಒಂದು ಹಾಡಿನ ಚಿತ್ರೀಕರಣದಲ್ಲಿ ಸಹಾಯಕ ಮೂರ್ತಿ ಒಂದು ಶಾಟ್ ಸೂಚಿಸಿದರು. ಕನ್ನಡಿಯ ಪ್ರತಿಬಿಂಬವನ್ನು ಹಿಡಿಯುವ ಕಷ್ಟದ ಶಾಟ್. ಕ್ಯಾಮೆರಾ ಒಂದಿಂಚು ತಪ್ಪಿದರೆ ಕನ್ನಡಿಯಲ್ಲಿ ಕ್ಯಾಮೆರಾವೇ ಕಾಣುತ್ತದೆ, ನಟರ ಬದಲು ಯೂನಿಟ್‌ನವರ ಮುಖ ಹಾಡುತ್ತದೆ! ರಾತ್ರಾ ಅವರ ಒಪ್ಪಿಗೆ ಪಡೆದು ಮೂರ್ತಿಯವರೇ ಕ್ಯಾಮೆರಾ ಹಿಡಿದರು. ಶಾಟ್ ಓಕೆ. ಗುರುದತ್ ಮುಂದಿನ ಚಿತ್ರಕ್ಕೆ ಮೂರ್ತಿಯೇ ಕ್ಯಾಮೆರಾಮನ್ ಎಂದು ತೀರ್ಮಾನಿಸಿದರು. 1952ರ 'ಜಾಲ್' ಹಾಗೆ ಬಂತು. ಆಮೇಲೆ 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್'.

ಇದರಲ್ಲಿ ಅದೃಷ್ಟ ಎಲ್ಲಿದೆ? ಅಂದು ಆ ಸೆಟ್ಟಿನಲ್ಲಿ ಇದ್ದದ್ದು ಗುರುದತ್ ಎಂಬುದರಲ್ಲಿದೆ. ಬೇರೆ ನಿರ್ದೇಶಕನಾಗಿದ್ದರೆ "ಅಸಿಸ್ಟೆಂಟ್ ಅಸಿಸ್ಟೆಂಟ್ ಥರ ಇರಪ್ಪ" ಅಂದುಬಿಡಬಹುದಿತ್ತು. ತಲೆ ಎಲ್ಲಿದೆ? ಆ ಶಾಟ್ ಮೂರ್ತಿಯವರ ಮನಸ್ಸಿನಲ್ಲಿ ಮೊದಲೇ ತಯಾರಾಗಿದ್ದುದರಲ್ಲಿದೆ, ಕೈ ಅದನ್ನು ಮಾಡಿ ತೋರಿಸಿದ್ದರಲ್ಲಿದೆ. ಇವೆರಡೂ ಅಲ್ಲದ ಮೂರನೆಯದೂ ಒಂದಿದೆ ನೋಡಿ. ರಾತ್ರಾ! ತಾನು ಹಿರಿಯ, ಕ್ಯಾಮೆರಾ ತನ್ನದು. "ಆಗಲ್ಲ" ಅಂದಿದ್ದರೆ ಕೇಳುವವರಿರಲಿಲ್ಲ. ಬಿಟ್ಟುಕೊಟ್ಟರು. ಚಾನ್ಸ್ ಚಾನ್ಸ್ ಅಂತೀವಲ್ಲ, ಬಹಳ ಸಲ ಅದು ಆಕಾಶದಿಂದ ಬೀಳುವುದಲ್ಲ. ಇನ್ನೊಬ್ಬ ಮನುಷ್ಯ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುವುದು.

ಮೂರ್ತಿಯವರ ಕನ್ನಡಿ ಅಲ್ಲಿಗೇ ಮುಗಿಯಲಿಲ್ಲ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಕತ್ತಲೆ ಸ್ಟುಡಿಯೋದೊಳಗೆ ಮೇಲಿಂದ ಇಳಿಯುವ ಆ ಬೆಳಕಿನ ಕೋಲನ್ನು ಯಾರು ಮರೆಯುತ್ತಾರೆ? ಅದೂ ಕನ್ನಡಿಗಳ ಕೆಲಸವೇ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದರು. ಚಿತ್ರ ಮಾತ್ರ ಆಗ ನೆಲಕಚ್ಚಿತು. ಗುರುದತ್ ಮತ್ತೆ ತಮ್ಮ ಹೆಸರಿನಲ್ಲಿ ಚಿತ್ರ ನಿರ್ದೇಶಿಸಲೇ ಇಲ್ಲ, 1964ರಲ್ಲಿ ತೀರಿಕೊಂಡರು. ಇಂದು ಅದೇ ಚಿತ್ರವನ್ನು ಸಿನಿಮಾ ಕಲಿಯುವವರು ಪಾಠದ ಹಾಗೆ ನೋಡುತ್ತಾರೆ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ನಮ್ಮ ಮೈಸೂರಿನವರು.

ದನ ಮೇಯ್ದ ಹೂವು

"ಹಾಗಾದರೆ ತಯಾರಿ ಇದ್ದವನಿಗೆ ಚಾನ್ಸ್ ಗ್ಯಾರಂಟಿ ಅನ್ನಿ" ಅಂತ ನೀವು ಕೇಳುತ್ತೀರಿ. ಇಲ್ಲ. ಆ ಸುಳ್ಳನ್ನು ನಾನು ಹೇಳುವುದಿಲ್ಲ. ಕೊನೆಯ ಸಾಕ್ಷಿ ಅದಕ್ಕೇ ಇರುವುದು.

ಕಲ್ಕತ್ತೆಯ ಒಂದು ಜಾಹೀರಾತು ಕಂಪನಿಯ ಚಿತ್ರಕಾರ ಸತ್ಯಜಿತ್ ರೇ 1952ರಲ್ಲಿ 'ಪಥೇರ್ ಪಾಂಚಾಲಿ' ಶುರು ಮಾಡಿದರು. ಅಕ್ಕ ತಮ್ಮ ಬಿಳಿ ಕಾಶದ ಹೂವಿನ ಬಯಲಲ್ಲಿ ಓಡಿ ರೈಲು ನೋಡುವ ದೃಶ್ಯ. ಒಂದು ದಿನ ಅರ್ಧ ಶೂಟ್ ಮಾಡಿ, ವಾರ ಬಿಟ್ಟು ಬಂದು ನೋಡಿದರೆ ಹೂವೇ ಇಲ್ಲ. ದನ ಮೇಯ್ದುಬಿಟ್ಟಿವೆ! ಇನ್ನರ್ಧಕ್ಕೆ ಮುಂದಿನ ಹೂವಿನ ಕಾಲಕ್ಕೆ ಕಾಯಬೇಕಾಯಿತು. ಅಷ್ಟರಲ್ಲಿ ದುಡ್ಡು ಖಾಲಿ, ಹೆಂಡತಿಯ ಒಡವೆ ಅಡವು. ನಿಂತು, ಹೊರಟು, ಮತ್ತೆ ನಿಂತು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ ಚಿತ್ರ ಮುಗಿದು 1955ರಲ್ಲಿ ತೆರೆ ಕಂಡಿತು. ಚಿತ್ರ ಉಳಿದದ್ದು ಮೂರು ಪವಾಡದಿಂದ ಅಂತ ರೇ ತಾವೇ ಹೇಳುತ್ತಿದ್ದರು. ಈ ವರ್ಷಗಳಲ್ಲಿ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಮುದುಕಿ ಪಾತ್ರದ ಚುನೀಬಾಲಾ ದೇವಿ ಸಾಯಲಿಲ್ಲ. ಚುನೀಬಾಲಾ ದೇವಿಗೆ ಆಗ ಎಂಬತ್ತರ ಆಸುಪಾಸು. ಚಿತ್ರ ಬಿಡುಗಡೆಯಾಗುವಷ್ಟರಲ್ಲಿ ಅವರು ಇರಲಿಲ್ಲ.

ರೇ ಅವರಂಥ ತಲೆ ನಮ್ಮ ದೇಶದ ಸಿನಿಮಾದಲ್ಲಿ ಎಷ್ಟಿವೆ? ಆದರೆ ಒಬ್ಬ ಮುದುಕಿಯ ಉಸಿರನ್ನು ಯಾವ ತಲೆಯೂ ಹಿಡಿದು ನಿಲ್ಲಿಸಲಾರದು. ಆಕೆ ನಡುವೆಯೇ ಹೋಗಿದ್ದರೆ ಚಿತ್ರವೂ ಅಲ್ಲಿಗೇ ನಿಲ್ಲುತ್ತಿತ್ತೇನೋ. ಹಾಗೆ ನಿಂತುಹೋದ ಚಿತ್ರಗಳ, ಡಬ್ಬದಲ್ಲೇ ಉಳಿದ ರೀಲುಗಳ ಒಡೆಯರಲ್ಲಿ ತಲೆ ಇದ್ದವರೇ ಇರಲಿಲ್ಲ ಅಂತ ಯಾರು ಹೇಳಬಲ್ಲರು? ಅದಕ್ಕೇ ಬೈಟು ಕಾಫಿ ಕುಡಿಯುತ್ತಾ ಕೂತ ಆ ಎರಡನೆಯ ಹುಡುಗನನ್ನು ನೋಡಿ ಯಾರೂ ನಗಬೇಡಿ. ಅವನು ದಡ್ಡ ಅಂತ ತೀರ್ಪು ಕೊಡಲು ನಮ್ಮ ಹತ್ತಿರ ಸಾಕ್ಷಿ ಇಲ್ಲ. ಅವನು ಕಾಫಿ ಕುಡಿದ ಮೇಲೆ ಏನು ಮಾಡುತ್ತಾನೆ ಎಂಬುದಷ್ಟೇ ಪ್ರಶ್ನೆ.

ತೀರ್ಪು, ಮತ್ತು ಹೋಂವರ್ಕ್

ಪಂಚಾಯ್ತಿ ತೀರ್ಪು ಇಷ್ಟು. ಅದೃಷ್ಟ ಇಲ್ಲದೆ ನಡೆಯುವುದಿಲ್ಲ. ಅದು ನಮ್ಮ ಕೈಯಲ್ಲಿಲ್ಲ. ಅದು ಬಂದಾಗ ಗುರುತು ಹಿಡಿಯುವ ಕಣ್ಣು, ಬೇಡದ್ದನ್ನು ಕತ್ತರಿಸುವ ಕೈ, ಮತ್ತೆ ಮತ್ತೆ ಕೋಲು ಬೀಸುವ ರಟ್ಟೆ, ಈ ಮೂರು ನಮ್ಮ ಕೈಯಲ್ಲಿವೆ. ಎರಡೂ ಪಾರ್ಟಿಯವರು ಟೀ ಕುಡಿದು ರಾಜಿಯಾಗಿ.

ಬರೀ ಮಾತು ಬೇಡ, ಒಂದು ಹೋಂವರ್ಕ್ ಕೊಡುತ್ತೇನೆ. ಚಾಪ್ಲಿನ್‌ನ ಗಂಟನ್ನೇ ನಮ್ಮ ಕೆ.ಆರ್. ಮಾರ್ಕೆಟ್ಟಿಗೆ ತನ್ನಿ. ಕಣ್ಣು ಕಾಣದ ಹೂವಾಡಗಿತ್ತಿ. ಕೈಯಲ್ಲಿ ಕಾಸಿಲ್ಲದ ಹುಡುಗ. ಅವನು ಒಂದು ಮಾತೂ ಆಡಬಾರದು, ಅವಳು ಅವನನ್ನು ಸಾಹುಕಾರ ಅಂತ ನಂಬಬೇಕು. ಕಾರಿನ ಬಾಗಿಲು ಬಳಸುವಂತಿಲ್ಲ! ಒಂದು ಉಪಾಯ ಸಾಲದು, ಇಪ್ಪತ್ತು ಬರೆಯಿರಿ. ಮೊದಲ ಐದು ನೀವು ನೋಡಿದ ಯಾವುದೋ ಚಿತ್ರದಿಂದ ಕದ್ದದ್ದಾಗಿರುತ್ತವೆ, ಬೇಜಾರಾಗಬೇಡಿ. ಹತ್ತರ ಹೊತ್ತಿಗೆ ತಲೆ ಖಾಲಿ ಅನ್ನಿಸುತ್ತದೆ, ಪೆನ್ನು ಕೆಳಗಿಡಬೇಡಿ. ಆಮೇಲೆ ಬರುವವು ನಿಮ್ಮವು. ಇಪ್ಪತ್ತರಲ್ಲಿ ಹತ್ತೊಂಬತ್ತನ್ನು ನೀವೇ ಹೊಡೆದುಹಾಕಿ, ಉಳಿದ ಒಂದನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ಯಾವುದನ್ನು ಯಾಕೆ ಹೊಡೆದುಹಾಕಿದಿರಿ ಅಂತ ಒಂದು ಸಾಲು ಬರೆದರೆ ನನಗೆ ಇನ್ನೂ ಸಂತೋಷ.

ಬೆಲ್ ಹೊಡೆಯಿತು, ಸೆಕೆಂಡ್ ಹಾಫ್ ಶುರು. ಮುಂದಿನ ವಾರ ಸಿಗೋಣ.